ಎಡಗೆನ್ನೆಯ ಮಚ್ಚೆ

ಆ ಮಚ್ಚೆ ಅಕ್ಕನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರುವ ದೊಡ್ಡ ಮನುಷ್ಯರಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳುವವರಲ್ಲ.

ಹತ್ತೊಂಬತ್ತು ವರ್ಷಗಳ ಹಿಂದೆ ತಂಗಿಯನ್ನು ಸಿನಿಮಾಕ್ಕೆ ಪರೀಕ್ಷೆ ಮಾಡಲು ಸ್ಟುಡಿಯೋಗೆ ಕರೆಸಿದ್ದರು. ಜೊತೆಗೆ ಅಮ್ಮ ಹೋಗಿದ್ದಳು. ಬಟ್ಟೆಯ ಗಂಟು ಹೊರಲು ಅಕ್ಕ ಹೋಗಿದ್ದಳು. ನಿರ್ದೇಶಕ ತಂಗಿಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ, ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ, "ಎಲ್ಲಾ ಇದೆ, ಏನೋ ಒಂದು ಇಲ್ಲ" ಎಂದ. ಸಂತೆಯಲ್ಲಿ ಬದನೆಕಾಯಿ ಆರಿಸುವವರೂ ಹೀಗೇ ಹೇಳುತ್ತಾರೆ. ಆದರೆ ಅವರನ್ನು ಯಾರೂ ಕಲಾವಿದರೆಂದು ಕರೆಯುವುದಿಲ್ಲ. ಆಗ ಅವನ ಕಣ್ಣು ಮೂಲೆಯಲ್ಲಿ ನಿಂತಿದ್ದ ಅಕ್ಕನ ಮೇಲೆ ಬಿತ್ತು. ಅವಳ ಎಡಗೆನ್ನೆಯಲ್ಲಿ, ತುಟಿಯಂಚಿನಿಂದ ಒಂದು ಬೆರಳು ಮೇಲೆ, ಎಳ್ಳುಕಾಳಿನಷ್ಟು ಮಚ್ಚೆ.

"ಅದು ಬೇಕು!" ಎಂದು ಕೂಗಿದ.

ಅಕ್ಕ ತನ್ನನ್ನೇ ಕರೆದರೆಂದು ತಿಳಿದು ಗಂಟು ಕೆಳಗಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ನೀವಲ್ಲಮ್ಮ. ಮಚ್ಚೆ."

ಅಂದಿನಿಂದ ಅಕ್ಕನಿಗೆ ಉದ್ಯೋಗ ಸಿಕ್ಕಿತು. ಪ್ರತಿದಿನ ಬೆಳಿಗ್ಗೆ ಕನ್ನಡಿಯ ಮುಂದೆ ತಂಗಿಯ ಪಕ್ಕದಲ್ಲಿ ಕೂತು, ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾ ತಂಗಿಯ ಎಡಗೆನ್ನೆಯ ಮೇಲೆ ಸಣ್ಣ ಕುಂಚದಿಂದ ಮಚ್ಚೆ ಬರೆಯುವುದು; ಅದು ಒಣಗಿದ ಮೇಲೆ ಬಣ್ಣ ಮೆತ್ತಿ ತನ್ನದನ್ನು ಮುಚ್ಚುವುದು. ಎರಡನೆಯ ಕೆಲಸ ಅಮ್ಮನ ಆಜ್ಞೆ. "ಒಂದೇ ಮನೇಲಿ ಎರಡು ಮಚ್ಚೆ ಕಂಡ್ರೆ ಜನ ಒಂದನ್ನ ಸುಳ್ಳು ಅಂತಾರೆ" ಎಂದಿದ್ದಳು. ಯಾವುದನ್ನು ಎಂದು ಅಕ್ಕ ಕೇಳಲಿಲ್ಲ.

ಈ ಕಲಾಕಾರ್ಯ ನಡೆಯುವಾಗ ತಂಗಿ ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿದ್ದಳು. ಅವಳಿಗೆ ಕನ್ನಡಿಯೊಂದಿಗೆ ಹೆಚ್ಚು ವ್ಯವಹಾರವಿರಲಿಲ್ಲ. ತನ್ನ ಮುಖ ಹೇಗಿದೆಯೆಂದು ತಿಳಿಯಬೇಕಾದರೆ ಪೋಸ್ಟರ್ ನೋಡುತ್ತಿದ್ದಳು. ಕನ್ನಡಿ ಇದ್ದದ್ದನ್ನು ತೋರಿಸುತ್ತದೆ. ಪೋಸ್ಟರಿಗೆ ಅಂಥ ಕೆಟ್ಟ ಚಾಳಿಯಿಲ್ಲ.

ಮಚ್ಚೆ ಓಡಿತು. ಅದರ ಹಿಂದೆ ತಂಗಿಯೂ ಓಡಿದಳು. ಪತ್ರಿಕೆಯವರು "ಮಚ್ಚೆರಾಣಿ" ಎಂದು ಹೆಸರಿಟ್ಟರು. ನಟನೆಯ ಬಗ್ಗೆ ಬರೆಯಲು ಏನೂ ಇಲ್ಲದಾಗ ವಿಮರ್ಶಕರು ಮಚ್ಚೆಯ ಬಗ್ಗೆ ಬರೆಯುತ್ತಿದ್ದರು. ಹೀಗಾಗಿ ಮಚ್ಚೆಯ ಬಗ್ಗೆ ಬಹಳ ಸಾಹಿತ್ಯ ಬೆಳೆಯಿತು. ಅವಳ ಅಭಿನಯ ಸರಳವಾದದ್ದು. ಕತ್ತಲಲ್ಲಿ ಕುಳಿತ ನಿರ್ದೇಶಕ ಮೈಕಿನಲ್ಲಿ "ಅಳಿ ಮೇಡಂ" ಎಂದರೆ ಅಳುತ್ತಿದ್ದಳು, "ಸಾಕು" ಎಂದರೆ ನಿಲ್ಲಿಸುತ್ತಿದ್ದಳು. ನಲ್ಲಿಯೂ ಇಷ್ಟು ಹೇಳಿದ ಮಾತು ಕೇಳುವುದಿಲ್ಲ. ಮೈಕಿನಿಂದ ಬಂದ ಮಾತನ್ನು ಅವಳು ಜನ್ಮದಲ್ಲಿ ಮೀರಿದವಳಲ್ಲ.

ಆಮೇಲೆ ಅವಳು ಗಾಯಕಿಯೂ ಆದಳು. ಒಂದು ಹಾಡಿನ ಒಂದು ಸಾಲನ್ನು ನಲವತ್ತು ಸಲ ಹಾಡಿಸಿ, ಅದರಲ್ಲಿ ಸ್ವರಕ್ಕೆ ಸಮೀಪದಲ್ಲಿ ಹಾದುಹೋದ ಅಕ್ಷರಗಳನ್ನು ಮಾತ್ರ ಆರಿಸಿ ಜೋಡಿಸುತ್ತಿದ್ದರು. ರೆಕಾರ್ಡಿಂಗ್ ಮಾಡುವಾತ ಕಿವಿಯಿಂದ ಹೆಡ್‌ಫೋನ್ ತೆಗೆದು, "ಮೇಡಂ ಹಾಡಿದ್ದು ಅಲ್ಲ ಇದು, ನಾನು ಹೊಲಿದದ್ದು" ಎಂದು ಚಹಾ ಕುಡಿಯುವಾಗ ಹೇಳುತ್ತಿದ್ದ. ಆ ಹೊಲಿಗೆಗೆ ಬಹುಮಾನವೂ ಬಂತು. ಬಹುಮಾನ ಕೊಟ್ಟವರು "ಎದೆಯಾಳದ ದನಿ" ಎಂದರು. ಆಳದಲ್ಲಿದ್ದದ್ದೇನೋ ನಿಜ, ಮೇಲೆತ್ತಲು ಆರು ಜನ ಬೇಕಾಗಿತ್ತು.

ಹೀಗೆ ಹದಿನೆಂಟು ವರ್ಷ ಕಳೆದ ಮೇಲೆ ಒಬ್ಬ ನಿರ್ಮಾಪಕ ಮನೆಗೆ ಬಂದು, ಬಹಳ ಗೌರವದಿಂದ, ನಾಯಕನ ಅತ್ತಿಗೆಯ ಪಾತ್ರ ಇದೆ ಎಂದ. ಆರು ವರ್ಷದ ಹಿಂದೆ ಅದೇ ನಾಯಕನ ಜೊತೆ ತಂಗಿ ಹೂತೋಟದಲ್ಲಿ ಓಡಿದ್ದಳು. ನಾಯಕನಿಗೆ ವಯಸ್ಸಾಗಿರಲಿಲ್ಲ, ಇವಳಿಗೆ ಮಾತ್ರ ಆಗಿತ್ತು.

"ನನ್ನ ಮಗಳು ಅತ್ತಿಗೆ ಆಗೋಳಲ್ಲ" ಎಂದಳು ಅಮ್ಮ.

"ತೂಕದ ಪಾತ್ರ ಅಮ್ಮಾ."

"ತೂಕದ್ದು ನಿಮ್ಮ ಹೆಂಡತಿಗೆ ಕೊಡಿ."

ನಿರ್ಮಾಪಕ ಹೋದ. ಬಾಗಿಲು ಮುಚ್ಚಿದ ಶಬ್ದ ಕೇಳಿದ ಕೂಡಲೇ ತಂಗಿ ತಾನು ಸೌಂದರ್ಯದ ಉದ್ಯಮಕ್ಕೆ ಇಳಿಯುವುದಾಗಿ ಘೋಷಿಸಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈಗಿನವರು ಅಲ್ಲಿಗೇ ನಿಲ್ಲುವುದಿಲ್ಲ, ನೆಲ ಒರೆಸುವ ಕಂಪನಿಯನ್ನೇ ತೆರೆಯುತ್ತಾರೆ.

ಬಂಡವಾಳ ಹಾಕಲು ಬಂದವರು ಬಣ್ಣದ ಸಾಹುಕಾರರು. ಮೂವತ್ತು ವರ್ಷ ಗೋಡೆಗೆ ಬಳಿಯುವ ಬಣ್ಣ ಮಾರಿದವರು. ಮುಖವೂ ಗೋಡೆಯೂ ಅವರಿಗೆ ಒಂದೇ: ಬಿರುಕಿದ್ದರೆ ತುಂಬು, ತೇವವಿದ್ದರೆ ಒಣಗಿಸು, ಎರಡು ಕೋಟು ಹೊಡೆ. ತಂಗಿಯನ್ನು ಮೊದಲ ಸಲ ಹತ್ತಿರದಿಂದ ಕಂಡಾಗ ಅಭ್ಯಾಸಬಲದಿಂದ ಕೈ ಮುಂದೆ ಚಾಚಿ ಗೆಣ್ಣಿನಿಂದ ಕೆನ್ನೆ ಕುಟ್ಟಿ ನೋಡುವುದರಲ್ಲಿದ್ದರು. ಮುಖದ ಮೇಕಪ್ಪನ್ನು ಒರೆಸಿ ತೆಗೆಯುವ ಒಂದು ಕ್ರೀಮನ್ನು ಮಾಡಿಸಿ, ಅದಕ್ಕೆ "ನಿಜಮುಖ" ಎಂದು ಹೆಸರಿಟ್ಟು ತಂದಿದ್ದರು. ಡಬ್ಬಿಯ ಮುಚ್ಚಳದ ಮೇಲೆ ಒಂದು ಮುಖದ ಗೆರೆ, ಅದರ ಎಡಗೆನ್ನೆಯಲ್ಲಿ ಒಂದು ಚುಕ್ಕೆ. ಮೂಗಿಲ್ಲ, ಕಣ್ಣಿಲ್ಲ. ಬೇಕಾಗಿರಲೂ ಇಲ್ಲ.

"ಬಿಡುಗಡೆ ದಿನ ಮೇಡಂ ವೇದಿಕೆ ಮೇಲೆ, ಎಲ್ಲರ ಕಣ್ಣೆದುರು, ಪೂರ್ತಿ ಮೇಕಪ್ ಒರೆಸ್ಬೇಕು" ಎಂದರು ಸಾಹುಕಾರರು, ಊಟದ ಮೇಜಿನ ಮೇಲೆ ಡಬ್ಬಿಗಳನ್ನು ಗೋಪುರದಂತೆ ಜೋಡಿಸುತ್ತಾ. "ಹಿಂದೆ ದೊಡ್ಡ ಪರದೆ. ಮುಖ ಅಷ್ಟಗಲ ಕಾಣುತ್ತೆ. ಮೇಕಪ್ ಹೋಗುತ್ತೆ, ಮಚ್ಚೆ ಉಳಿಯುತ್ತೆ. ಜನ ಹುಚ್ಚೆದ್ದು ಹೋಗ್ತಾರೆ."

ಮೇಜಿನ ಸುತ್ತ ಇದ್ದ ಮೂವರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಗೆ ಅಮ್ಮನೇ ಹೇಳಬೇಕಾಯಿತು. ಕೇಳಿ ಸಾಹುಕಾರರು ಗೋಪುರದಿಂದ ಒಂದು ಡಬ್ಬಿ ತೆಗೆದು ಕೆಳಗಿಟ್ಟರು. ಅಕ್ಕನ ಮುಖವನ್ನು ಆವತ್ತೇ ಮೊದಲ ಸಲ ನೋಡಿದವರಂತೆ ನೋಡಿದರು. ಅವರಿಗೆ ಬೇಸರವೇನೂ ಆಗಲಿಲ್ಲ. ಗೋಡೆಯಲ್ಲಿ ಸೋರಿಕೆ ಎಲ್ಲಿದೆಯೆಂದು ಗೊತ್ತಾದರೆ ಕೆಲಸ ಸುಲಭ. ಚರ್ಮದ ಡಾಕ್ಟರೊಬ್ಬರು ತಮ್ಮ ಪರಿಚಯದವರಂತೆ. ಸೂಜಿಯಿಂದ ಚುಚ್ಚಿ ಬಣ್ಣ ತುಂಬಿದರೆ ಮಚ್ಚೆ ಸಾಯುವತನಕ ಹೋಗುವುದಿಲ್ಲವಂತೆ.

"ಹಾಗೇನೇ ಇವರದ್ದು ಸುಟ್ಟು ತೆಗೆಸಿಬಿಡೋಣ" ಎಂದರು ಅಕ್ಕನ ಕಡೆ ಗದ್ದ ತೋರಿಸಿ. "ಮುದ್ರೆ ಈಗ ಕಂಪನಿದು. ಮನೆಯಲ್ಲೇ ಇನ್ನೊಂದು ಇರಬಾರದು."

ಅಕ್ಕ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಅದಕ್ಕೆ ಕಾರಣವಿತ್ತು. ಮನೆಯ ಮುಂದೆ ಎರಡು ಕಾರು ನಿಲ್ಲುವ ಶೆಡ್ ಇತ್ತು. ಎರಡನೆಯ ಕಾರು ಹೋದಮೇಲೆ ಅರ್ಧ ಖಾಲಿ ಬಿದ್ದಿತ್ತು. ಅಲ್ಲಿ ಒಂದು ಕುರ್ಚಿ, ಒಂದು ಕನ್ನಡಿ, ಒಂದು ನಲ್ಲಿ ಹಾಕಿಕೊಂಡು ತನ್ನದೇ ಒಂದು ಪಾರ್ಲರ್ ತೆರೆಯಬೇಕೆಂದು ಅವಳು ಎರಡು ವರ್ಷದಿಂದ ಅಮ್ಮನ ಬೆನ್ನು ಹತ್ತಿದ್ದಳು. ಬೋರ್ಡು ಬರೆಯುವವನು ಫೋಟೋ ಕೇಳಿದಾಗ, ಬಣ್ಣ ಮೆತ್ತದ ಮುಖದಲ್ಲಿ ಹತ್ತೊಂಬತ್ತು ವರ್ಷದಲ್ಲಿ ಮೊದಲ ಫೋಟೋ ತೆಗೆಸಿಕೊಂಡಿದ್ದಳು. ಅದನ್ನು ತಲೆದಿಂಬಿನ ಕೆಳಗೆ ಇಟ್ಟಿದ್ದಳು. ಬೇರೆ ಹೆಂಗಸರು ಆ ಜಾಗದಲ್ಲಿ ಗಂಡಸರ ಫೋಟೋ ಇಡುತ್ತಾರೆ.

ಅಮ್ಮ ಸೆರಗಿನ ಗಂಟಿನಿಂದ ಶೆಡ್ಡಿನ ಕೀಲಿಕೈ ಬಿಚ್ಚಿ ಮೇಜಿನ ಮೇಲಿಟ್ಟಳು.

"ನೋಡು, ಬಿಡುಗಡೆ ಶನಿವಾರ. ಅದು ಮುಗಿದ ಮೇಲೆ ಸೋಮವಾರ ಡಾಕ್ಟರ ಹತ್ರ ಹೋಗಿ ಬಾ. ಬಂದ ತಕ್ಷಣ ಕೀ ನಿಂದು."

"ಅದು ನಂದು ಅಮ್ಮ."

"ಕೀನಾ?"

"ಮಚ್ಚೆ."

"ಇತ್ತು ಕಣೆ. ಈಗ ಕಂಪನಿದು ಅಂತ ಸಾಹುಕಾರರು ಹೇಳ್ಲಿಲ್ವಾ?"

"ಹತ್ತೊಂಬತ್ತು ವರ್ಷ ನನ್ನ ನಿಜವಾದ ಮುಖ ಮುಚ್ಚಿಟ್ಕೊಂಡು ಬದುಕಿದೀನಿ" ಎಂದಳು ಅಕ್ಕ. ಅವಳ ದನಿ ಸ್ವಲ್ಪ ನಡುಗಿತು. "ಕನ್ನಡಿ ಮುಂದೆ ಅತ್ತಿದ್ದು ಯಾರಿಗೂ ಗೊತ್ತಿಲ್ಲ."

ತಂಗಿ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ಚೆನ್ನಾಗಿದೆ ಕಣೆ ಅಕ್ಕ, ಡೈಲಾಗು" ಎಂದಳು. ಮನಸ್ಸಿಟ್ಟೇ ಹೇಳಿದಳು. ಆಮೇಲೆ ತಿನ್ನುವುದನ್ನು ಮುಂದುವರಿಸಿದಳು.

ಡಾಕ್ಟರ ಬಳಿ ಹೋಗುವಾಗ ಅಕ್ಕನನ್ನು ಕರೆದುಕೊಂಡು ಹೋಗಲಿಲ್ಲ. "ಮುಖ ಉಬ್ಬಿಸ್ಕೊಂಡು ಬರೋದು ಬೇಡ, ನಮ್ಮ ಮುಖ ನಮಗೆ ಗೊತ್ತು" ಎಂದಳು ಅಮ್ಮ. ತಮ್ಮ ಮುಖ ಗೊತ್ತೆಂದು ಹೊರಟ ಆ ಇಬ್ಬರು ಕಂಕುಳಲ್ಲಿ ಒಂದು ಪೋಸ್ಟರ್ ಸುತ್ತಿಕೊಂಡು ಹೋದರು. ಡಾಕ್ಟರು ಪೋಸ್ಟರನ್ನು ಕನ್ನಡಿಯ ಪಕ್ಕದಲ್ಲಿ ಗೋಡೆಗೆ ಅಂಟಿಸಿ, ತಂಗಿಯ ಕೈಗೆ ಒಂದು ಪೆನ್ನು ಕೊಟ್ಟು, "ಎಲ್ಲಿ ಬೇಕೋ ಅಲ್ಲಿ ಚುಕ್ಕೆ ಇಡಿ" ಎಂದರು. ಪೋಸ್ಟರಿನಲ್ಲಿ ಮಚ್ಚೆ ಇದ್ದದ್ದು ನೋಡುವವರ ಬಲಕ್ಕೆ. ತಂಗಿ ಕನ್ನಡಿಯಲ್ಲೂ ಬಲಕ್ಕೇ ಇಟ್ಟಳು. ಅಮ್ಮ ಪೋಸ್ಟರನ್ನೊಮ್ಮೆ ಕನ್ನಡಿಯನ್ನೊಮ್ಮೆ ನೋಡಿ, "ಅಚ್ಚು ಹೊಡೆದ ಹಾಗಿದೆ" ಎಂದಳು. ಡಾಕ್ಟರಿಗೆ ಏನೋ ಅನುಮಾನ ಬಂದಿರಬೇಕು; "ಇದೇ ಕಡೆ ತಾನೆ?" ಎಂದರು. "ನನ್ನ ಮುಖ ನನಗೆ ಗೊತ್ತಿಲ್ವಾ ಡಾಕ್ಟ್ರೆ?" ಎಂದಳು ತಂಗಿ. ದೊಡ್ಡವರ ಜೊತೆ ವಾದ ಮಾಡಿ ಡಾಕ್ಟರಾದವರಲ್ಲ ಅವರು. ಚುಚ್ಚಿ, ಔಷಧ ಹಚ್ಚಿ, ಪಟ್ಟಿ ಹಾಕಿ, ಶನಿವಾರ ಬೆಳಿಗ್ಗೆಯವರೆಗೆ ಬಿಚ್ಚಬೇಡಿ ಎಂದು ಕಳಿಸಿದರು. ಪಟ್ಟಿ ಕೆನ್ನೆ, ದವಡೆ, ಗದ್ದ ಎಲ್ಲವನ್ನೂ ಬಳಸಿ ತಲೆಯವರೆಗೆ ಹೋಗಿತ್ತು. ಹಲ್ಲುನೋವಿನವಳಂತೆ ತಂಗಿ ನಾಲ್ಕು ದಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಶನಿವಾರ ಬೆಳಿಗ್ಗೆ, ಹೋಟೆಲಿನ ದೊಡ್ಡ ಸಭಾಂಗಣದ ಹಿಂದಿನ ಕೋಣೆಯಲ್ಲಿ, ಅಕ್ಕ ಪಟ್ಟಿ ಬಿಚ್ಚಿದಳು. ಹತ್ತಿಯನ್ನು ಕೈಯಲ್ಲಿ ಹಿಡಿದುಕೊಂಡು ತಂಗಿಯ ಒಂದು ಕೆನ್ನೆ ನೋಡಿದಳು, ಇನ್ನೊಂದು ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಆ ಮನೆಯಲ್ಲಿ ಅವಳು ನಕ್ಕದ್ದನ್ನು ಕೇಳಿದವರು ಕಡಿಮೆ. ಅಮ್ಮ ಏನೋ ಕಾಯಿಲೆಯೆಂದು ಎದ್ದು ಬಂದಳು.

"ಏನೇ ಅದು?"

"ಇದು ಬಲಗೆನ್ನೆ ಅಮ್ಮ."

"ಪೋಸ್ಟರ್ ಪಕ್ಕದಲ್ಲಿ ಇಟ್ಕೊಂಡೇ ಮಾಡಿಸಿದ್ದು!" ಎಂದಳು ತಂಗಿ. "ಪೋಸ್ಟರ್ ಸುಳ್ಳು ಹೇಳುತ್ತಾ?"

"ಪೋಸ್ಟರಿನೋಳು ನಿನ್ನ ಎದುರಿಗೆ ನಿಂತಿರ್ತಾಳೆ. ಅವಳ ಎಡ ನಿನಗೆ ಬಲಕ್ಕೆ ಕಾಣುತ್ತೆ. ಕನ್ನಡಿಯೋಳು ಹಾಗಲ್ಲ, ನೀನು ಎಡಗೈ ಎತ್ತಿದ್ರೆ ಅವಳು ಎಡಗಡೆ ಕೈಯನ್ನೇ ಎತ್ತುತ್ತಾಳೆ. ಎತ್ತು ನೋಡು."

ತಂಗಿ ಕನ್ನಡಿಯ ಮುಂದೆ ಎಡಗೈ ಎತ್ತಿದಳು. ಮೂವತ್ತೆಂಟನೆಯ ವಯಸ್ಸಿನಲ್ಲಿ ಕನ್ನಡಿಯೊಡನೆ ಅವಳ ಪರಿಚಯವಾದದ್ದು ಹೀಗೆ. ಕೈಯನ್ನು ಇಳಿಸಲು ಮರೆತು ಹಾಗೇ ಕುಳಿತಳು.

ಹೊರಗೆ ಜನ ಸೇರಿಯಾಗಿತ್ತು. ಕುರ್ಚಿ ಎಳೆಯುವ ಸದ್ದು, ಮೈಕ್ ಪರೀಕ್ಷಿಸುವವನ "ಹಲೋ ಹಲೋ" ಗೋಡೆ ದಾಟಿ ಬರುತ್ತಿದ್ದವು. ಅಮ್ಮನ ತಲೆ ಇಂಥ ಹೊತ್ತಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಎಲ್ಲಿಗೆಂದು ನೋಡಿಕೊಂಡು ಓಡುತ್ತಿತ್ತೆಂದು ಹೇಳಲಾಗದು. ಬಲಗಡೆಯದನ್ನು ದಪ್ಪ ಬಣ್ಣದಿಂದ ಮುಚ್ಚುವುದು, ಎಡಗಡೆ ಎಂದಿನಂತೆ ಬರೆಯುವುದು. ವೇದಿಕೆಯ ಮೇಲೆ ಹಣೆ ಮಾತ್ರ ಒರೆಸಿ ಕೈಮುಗಿದು ಬಂದುಬಿಡುವುದು.

"ಕೆನ್ನೆ ಮುಟ್ಟಬೇಡ. ಎಡಕ್ಕೆ ಒರೆಸಿದ್ರೆ ಇದ್ದದ್ದು ಹೋಗುತ್ತೆ, ಬಲಕ್ಕೆ ಒರೆಸಿದ್ರೆ ಇಲ್ಲದ್ದು ಬರುತ್ತೆ. ಹಣೆ. ಏನು?"

"ಹಣೆ" ಎಂದಳು ತಂಗಿ.

ಅಕ್ಕ ಕುಂಚ ಕೈಗೆತ್ತಿಕೊಂಡು ಹಾಗೇ ಕುಳಿತಳು.

"ಹಚ್ಚೇ!"

"ಸೋಮವಾರ ನಾನು ಡಾಕ್ಟರ ಹತ್ರ ಹೋಗಲ್ಲ."

"ಈಗ ಅದೇನಾ ಮಾತು?"

"ಈಗಲೇ ಅಮ್ಮ. ಆಮೇಲೆ ನೀನು ಮಾತಾಡಲ್ಲ."

"ಆಯ್ತು ಕಣೆ ಮಾರಾಯ್ತಿ, ಆಯ್ತು! ಮೊದಲು ಹಚ್ಚು!"

ಅಮ್ಮನ "ಆಯ್ತು" ಎಂಬುದು ಬಣ್ಣ ಒಣಗುವವರೆಗೆ ನಿಲ್ಲುವ ಪದಾರ್ಥವೆಂದು ಅಕ್ಕನಿಗೆ ಗೊತ್ತಿತ್ತು. ಆದರೂ ಹಚ್ಚಿದಳು. ಮೋಸ ಮಾಡಲಿಲ್ಲ. ಕನ್ನಡಿಯಲ್ಲಿ ತನ್ನ ಕೆನ್ನೆ ನೋಡಿಕೊಂಡು ಎಡಕ್ಕೆ ಬರೆದಳು, ಬಲಗಡೆಯದನ್ನು ಮೂರು ಪದರ ಬಣ್ಣದಲ್ಲಿ ಹೂತಳು. ನಲವತ್ತಾರು ವರ್ಷದ ಆ ಹೆಂಗಸಿಗೆ ಅಷ್ಟು ಚೊಕ್ಕವಾಗಿ ಬರುತ್ತಿದ್ದದ್ದು ಅದೊಂದೇ ಕೆಲಸ. ಅದನ್ನು ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲ. ತನ್ನದನ್ನು ಮುಚ್ಚಿಕೊಳ್ಳುವುದಕ್ಕೆ ಮಾತ್ರ ಹೊತ್ತು ಸಾಲಲಿಲ್ಲ. ವೇದಿಕೆಯ ಪಕ್ಕದ ತೆರೆಯ ಮರೆಯಲ್ಲಿ, ಯಾರೂ ನೋಡದ ಕಡೆ, ಹಾಗೆಯೇ ಹೋಗಿ ನಿಂತಳು.

ತಂಗಿ ವೇದಿಕೆ ಹತ್ತಿದಾಗ ಚಪ್ಪಾಳೆ ಬಿತ್ತು. ಹಿಂದಿನ ಪರದೆಯ ಮೇಲೆ ಅವಳ ಮುಖ ಮನೆಯ ಗೋಡೆಯಷ್ಟು ದೊಡ್ಡದಾಗಿ ಬೆಳಗಿತು. ಬಣ್ಣದ ಸಾಹುಕಾರರಿಗೆ ಅದು ಪರಿಚಿತ ಅಳತೆ. ಹುರುಪಿನಿಂದ ಮೈಕು ಹಿಡಿದರು. ತಂಗಿ ಡಬ್ಬಿಯಿಂದ ಕ್ರೀಮು ತೆಗೆದು ಹಣೆಗೆ ಹಚ್ಚಿ, ಬಿಳಿ ಬಟ್ಟೆಯಿಂದ ಒರೆಸಿ, ಅಮ್ಮ ಹೇಳಿಕೊಟ್ಟಂತೆ ಕೈಮುಗಿದಳು.

"ಇನ್ನೂ ಮೇಡಂ!" ಎಂದಿತು ಮೈಕು. "ಕೆನ್ನೆ ಒರೆಸಿ!"

ಪಕ್ಕದ ತೆರೆಯ ಮರೆಯಿಂದ ಅಮ್ಮ ಎರಡೂ ಕೈ ಬೀಸಿದಳು. ತಂಗಿ ಅಮ್ಮನನ್ನು ನೋಡಿದಳು, ಮೈಕಿನ ಕಡೆ ನೋಡಿದಳು. ಹತ್ತೊಂಬತ್ತು ವರ್ಷ ಅನ್ನ ಹಾಕಿದ್ದು ಮೈಕು. ಎಡಗೆನ್ನೆ ಒರೆಸಿದಳು.

ಪರದೆಯ ಮೇಲಿನ ಮಚ್ಚೆ ಉದ್ದಕ್ಕೆ ಎಳೆದುಕೊಂಡು, ಕಂದಾಗಿ, ಮಾಯವಾಯಿತು. ಸಭೆಯಲ್ಲಿ ಯಾರೋ "ಅಯ್ಯೋ" ಎಂದರು. ಹತ್ತಿರದವರು ಸತ್ತಾಗ ಎನ್ನುವ ಹಾಗೆ.

"ಆ ಕಡೆನೂ!" ಎಂದರು ಸಾಹುಕಾರರು. ಅವರು ಜನರನ್ನು ನೋಡುತ್ತಿದ್ದರು, ಪರದೆಯನ್ನು ನೋಡುತ್ತಿರಲಿಲ್ಲ. ತಂಗಿ ಬಲಗೆನ್ನೆಯನ್ನೂ ಒರೆಸಿದಳು. ಕ್ರೀಮಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು: ಮೂರು ಪದರವನ್ನೂ ಒಂದೇ ಎಳೆತಕ್ಕೆ ತೆಗೆದುಹಾಕಿತು. ಈ ಕಡೆ ಮುಳುಗಿದ ಮಚ್ಚೆ ಆ ಕಡೆ ಎದ್ದಿತು, ಹೊಳೆ ದಾಟಿದ ನಾಯಿಯ ಹಾಗೆ.

ಮುಂದಿನ ಸಾಲಿನ ಪತ್ರಿಕೆಯವಳೊಬ್ಬಳು ಎದ್ದು, "ಮೇಡಂ, ಮಚ್ಚೆ ಆ ಕಡೆ ಹೋಯ್ತಲ್ಲ?" ಎಂದಳು.

ಸಾಹುಕಾರರು ಆಗ ತಿರುಗಿ ಪರದೆ ನೋಡಿದರು. ಎರಡು ಸಲ ಕಣ್ಣು ಮಿಟುಕಿಸಿದರು. ಒದ್ದೆ ಗೋಡೆಯನ್ನು ತಂಪಾದ ಗೋಡೆಯೆಂದು ಮೂವತ್ತು ವರ್ಷ ಮಾರಿದ ಮನುಷ್ಯ. ಮೂರನೆಯ ಸಲ ಮಿಟುಕಿಸಲಿಲ್ಲ.

"ನೋಡಿದ್ರಾ!" ಎಂದು ಗರ್ಜಿಸಿದರು. "ಇಷ್ಟು ವರ್ಷ ಸಿನಿಮಾದವರು ನಮಗೆ ತೋರಿಸಿದ್ದು ಸುಳ್ಳು ಮಚ್ಚೆ! ಮೇಡಂ ಅವರ ಹುಟ್ಟುಮಚ್ಚೆ ಬಲಕ್ಕೆ! ಅದನ್ನ ಮುಚ್ಚಿಸಿ ಎಡಕ್ಕೆ ಬರೆದ್ರು! ಇವತ್ತು, ನಿಮ್ಮ ಕಣ್ಣೆದುರಿಗೆ, ನಿಜಮುಖ! ಹೇಳಿ ಮೇಡಂ, ನಿಮ್ಮ ನೋವು ಹೇಳಿ!"

ಮೈಕು ಹೇಳು ಎಂದಿತ್ತು. ತಂಗಿಗೆ ಯಾರೂ ಮಾತು ಬರೆದುಕೊಟ್ಟಿರಲಿಲ್ಲ. ಒಂದು ಕ್ಷಣ ತಡಕಾಡಿದಳು. ಆಮೇಲೆ ಮುಖ ಶಾಂತವಾಯಿತು. ಒಂದು ಸಾಲು ಸಿಕ್ಕಿತ್ತು.

"ಹತ್ತೊಂಬತ್ತು ವರ್ಷ" ಎಂದಳು. ದನಿ ಸ್ವಲ್ಪ ನಡುಗಿತು. "ಹತ್ತೊಂಬತ್ತು ವರ್ಷ ನನ್ನ ನಿಜವಾದ ಮುಖ ಮುಚ್ಚಿಟ್ಕೊಂಡು ಬದುಕಿದೀನಿ. ಕನ್ನಡಿ ಮುಂದೆ ಅತ್ತಿದ್ದು ಯಾರಿಗೂ ಗೊತ್ತಿಲ್ಲ."

ಸಭೆ ಎದ್ದುನಿಂತಿತು. ಪ್ರಶ್ನೆ ಕೇಳಿದ ಪತ್ರಿಕೆಯವಳು ಕಣ್ಣೊರೆಸಿಕೊಂಡಳು. ತೆರೆಯ ಮರೆಯಲ್ಲಿ ಅಕ್ಕ ತನ್ನ ಎಡಗೆನ್ನೆಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು, ಅದೂ ಎಲ್ಲಿ ಹೋಯಿತೋ ಎಂಬಂತೆ. ತಂಗಿಯ ಹತ್ತೊಂಬತ್ತು ವರ್ಷದ ವೃತ್ತಿಜೀವನದಲ್ಲಿ ಅದೊಂದೇ ನಿಜವಾಗಿ ಒಳ್ಳೆಯ ಅಭಿನಯ. ನಡುಕ ಕೂಡ ಸರಿಯಾದ ಜಾಗದಲ್ಲೇ ಬಂದಿತ್ತು.

ಕ್ರೀಮು ಬಿಸಿ ದೋಸೆಗಿಂತ ಬೇಗ ಖರ್ಚಾಯಿತು. ಕಂಪನಿ ಮುಚ್ಚಳದ ಮೇಲಿನ ಚುಕ್ಕೆಯನ್ನು ಬಲಗೆನ್ನೆಗೆ ಸರಿಸಿತು. ಹಳೆಯ ಪೋಸ್ಟರುಗಳನ್ನೆಲ್ಲ ಮಗ್ಗುಲು ಬದಲಿಸಿ ಹೊಸದಾಗಿ ಅಚ್ಚು ಹಾಕಿಸಿತು. ಅವುಗಳಲ್ಲಿ ನಾಯಕರೆಲ್ಲ ಎಡಚರಾದರು, ಹಿಂದಿನ ಅಂಗಡಿಗಳ ಹೆಸರು ಉಲ್ಟಾ ಆಯಿತು, ಒಂದು ಗಡಿಯಾರದಲ್ಲಿ ಹೊತ್ತು ಹಿಂದಕ್ಕೆ ನಡೆಯಿತು. ಯಾರೂ ಒಂದು ಮಾತೂ ಕೇಳಲಿಲ್ಲ. ಮೊದಲಿನಿಂದಲೂ ಬಲಗಡೆಯೇ ಇದ್ದದ್ದು ತಮಗೆ ಗೊತ್ತಿತ್ತೆಂದು ಇಬ್ಬರು ಹಿರಿಯ ವಿಮರ್ಶಕರು ಬರೆದರು.

ಸೋಮವಾರ ಬೆಳಿಗ್ಗೆ ಅಮ್ಮ ಅಕ್ಕನ ಕೋಣೆಗೆ ಬಂದಳು. ಜಗಳಕ್ಕೆ ಸಿದ್ಧವಾಗಿ ಕೂತಿದ್ದ ಅಕ್ಕ ಎದ್ದು ನಿಂತಳು.

"ಡಾಕ್ಟರ ಹತ್ರ ಹೋಗೋದು ಬೇಡ ಬಿಡು" ಎಂದಳು ಅಮ್ಮ, ಹಳೆಯ ಪಾತ್ರೆಯೊಂದನ್ನು ಯಾರಿಗೋ ಕೊಡುವಂತೆ. "ಎಡಗಡೆದು ಈಗ ಯಾರಿಗೂ ಬೇಕಾಗಿಲ್ಲ. ಏನು ಬೇಕಾದ್ರೂ ಮಾಡ್ಕೋ." ಕೀಲಿಕೈಯನ್ನು ಹಾಸಿಗೆಯ ಮೇಲೆ ಎಸೆದು ಹೋದಳು.

ಗೆಲುವು ಹೀಗೂ ಇರುತ್ತದೆಯೆಂದು ಅಕ್ಕನಿಗೆ ಗೊತ್ತಿರಲಿಲ್ಲ. ಆದರೂ ಕೀಲಿಕೈ ತೆಗೆದುಕೊಂಡಳು.

ತಿಂಗಳೊಳಗೆ ಶೆಡ್ಡಿನಲ್ಲಿ ಒಂದು ಕುರ್ಚಿ, ಒಂದು ಕನ್ನಡಿ, ಒಂದು ನಲ್ಲಿ ಬಂದವು. ನೆಲದ ಎಣ್ಣೆಕಲೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ನಿಜಮುಖ ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ಬಾಗಿಲ ಮೇಲೆ ಬೋರ್ಡು ಏರಿತು. ಬೋರ್ಡಿನ ಮೇಲೆ ಅಕ್ಕನ ಮುಖ, ಎಡಗೆನ್ನೆಯಲ್ಲಿ ಮಚ್ಚೆ. ಬೋರ್ಡು ಬರೆದವನು ಅದನ್ನು ಅವರೆಕಾಳಿನಷ್ಟು ಮಾಡಿದ್ದ. ಅಕ್ಕ ಸಣ್ಣದು ಮಾಡು ಎನ್ನಲಿಲ್ಲ.

ಮೊದಲ ಗಿರಾಕಿ ಎದುರು ಬೀದಿಯ ಹೊಲಿಗೆಯಾಕೆ. ಬಾಗಿಲಲ್ಲಿ ನಿಂತು ಬೋರ್ಡನ್ನು ನೋಡಿದಳು, ಒಳಗೆ ಬಂದು ಅಕ್ಕನನ್ನು ನೋಡಿದಳು, ಮತ್ತೆ ಹೊರಗೆ ಹೋಗಿ ಬೋರ್ಡನ್ನು ನೋಡಿದಳು.

"ಬೇಜಾರು ಮಾಡ್ಕೋಬೇಡಿ ಅಕ್ಕಾವ್ರೆ" ಎಂದಳು ಕುರ್ಚಿಯಲ್ಲಿ ಕೂರುತ್ತಾ. "ಮಚ್ಚೆರಾಣಿಗೆ ಅದು ಇರೋದು ಬಲಕ್ಕೆ. ನಿಮ್ದು ಎಡಕ್ಕಿದೆ. ನಕಲು ಮಾಡೋದು ಮಾಡ್ತೀರ, ಸ್ವಲ್ಪ ನೋಡ್ಕೊಂಡು ಮಾಡ್ಬಾರ್ದಾ?"

ಅಕ್ಕ ಅವಳ ಕೊರಳಿಗೆ ಬಟ್ಟೆ ಕಟ್ಟಿದಳು, ಕುರ್ಚಿಯನ್ನು ಕನ್ನಡಿಯ ಕಡೆ ತಿರುಗಿಸಿದಳು. ಹೊಲಿಗೆಯಾಕೆ ಹಾಯಾಗಿ ಒರಗಿ ಕಣ್ಣು ಮುಚ್ಚಿದಳು.

"ಕಣ್ಣು ಬಿಡಿ" ಎಂದಳು ಅಕ್ಕ. "ಇಲ್ಲಿ ನಿದ್ದೆ ಮಾಡೋ ಹಾಗಿಲ್ಲ."